ಹೆಸರು ಹೇಳಿ ಒಳಗೆ ಬನ್ನಿ

ಜನರಿಂದ ಬೈಸಿಕೊಳ್ಳುವುದೇ ನನ್ನ ಉದ್ಯೋಗ. ಇದನ್ನು ನಾನು ಅಳುಮುಖ ಮಾಡಿಕೊಂಡು ಹೇಳುತ್ತಿಲ್ಲ, ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ನೀವು ಕಾಫಿ ಅಂಗಡಿಯಲ್ಲೋ ಕಾಲೇಜಿನಲ್ಲೋ ಕೂತು ಲ್ಯಾಪ್‌ಟಾಪ್ ತೆರೆಯುತ್ತೀರಿ. ವೈರು ಗಿಯರು ಏನೂ ಇಲ್ಲದೆ ಗಾಳಿಯಲ್ಲೇ ಇಂಟರ್ನೆಟ್ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಕ್ರಿಕೆಟ್ ಸ್ಕೋರಿನ ಪುಟ ಕೇಳುತ್ತೀರಿ. ಸ್ಕೋರು ಬರುವುದಿಲ್ಲ. ನೀಲಿ ಬಣ್ಣದ ಬೇರೊಂದು ಪುಟ ಬಂದು ಅಡ್ಡ ನಿಂತು, ‘ನಿಮ್ಮ ಹೆಸರು ಹೇಳಿ’ ಅನ್ನುತ್ತದೆ. ಹೇಳುವ ತನಕ ಜಪ್ಪಯ್ಯ ಅಂದರೂ ಸರಿಯುವುದಿಲ್ಲ. ಆ ನೀಲಿ ಪುಟ ಬರೆದವಳು ನಾನು.

ಪುಣೆಯ ಕೋಥರೂಡದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಂಪನಿ. ಸಾಫ್ಟ್‌ವೇರ್ ಬರೆಯುವುದು ನನ್ನ ಪಾಲು. ಅದನ್ನು ಊರೂರು ತಿರುಗಿ ಮಾರುವುದು ನನ್ನ ಪಾಲುದಾರ ಕುಶಲನ ಪಾಲು. ಅವನ ಬಾಯಲ್ಲಿ ಸಕ್ಕರೆ, ನನ್ನ ಬಾಯಲ್ಲಿ ಹಸಿಮೆಣಸಿನಕಾಯಿ. ಅದಕ್ಕೇ ಗಿರಾಕಿಗಳ ಮುಂದೆ ಅವನು ನನ್ನನ್ನು ಆದಷ್ಟು ಕಡಿಮೆ ಮಾತಾಡಿಸುತ್ತಿದ್ದ. ನಮ್ಮಿಬ್ಬರಿಗೂ ಒಂದು ವಿಷಯದಲ್ಲಿ ಯಾವಾಗಲೂ ಜಗಳ. ಒಳಗೆ ಬಿಟ್ಟ ಮನುಷ್ಯನನ್ನು ನನ್ನ ಪುಟ ನಾಲ್ಕು ತಾಸಿಗೊಮ್ಮೆ ಹೊರಗೆ ಹಾಕಿ ಮತ್ತೆ ಹೆಸರು ಕೇಳುತ್ತಿತ್ತು. “ಒಮ್ಮೆ ಕೇಳಿದರೆ ಸಾಲದಾ ಸ್ನೇಹಲ್? ಜನ ಸಿಡಿಮಿಡಿ ಅಂತಾರೆ” ಎಂದು ಕುಶಲ ಗೋಗರೆಯುತ್ತಿದ್ದ. ಎದ್ದು ಹೋದವನ ಜಾಗದಲ್ಲಿ ಇನ್ನೊಬ್ಬ ಬಂದು ಕೂತರೆ ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳುತ್ತಿದ್ದೆ. ಅವನು ಬ್ಯಾಗು ಎತ್ತಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದ, ನಿಯಮ ಉಳಿಯುತ್ತಿತ್ತು.

ನನ್ನ ಈ ಸ್ವಭಾವ ಎಲ್ಲಿಂದ ಬಂತೋ ತಿಳಿಯದು. ಅಪ್ಪನಿಂದಂತೂ ಅಲ್ಲ. ನಮ್ಮಪ್ಪ ರಾಮಲಿಂಗಪ್ಪ ಇಂಡಿ ಕಡೆಯಿಂದ ಪುಣೆಗೆ ಬಂದು, ಸರಕಾರಿ ಕಚೇರಿಯಲ್ಲಿ ಕಾರಕೂನರಾಗಿ ಸೇರಿ, ಅಲ್ಲೇ ನಿವೃತ್ತರಾದವರು. ಬಾಗಿಲ ಗಂಟೆ ಬಾರಿಸಿದರೆ ಯಾರು ಎಂದು ಕೇಳುವ ಅಭ್ಯಾಸವೇ ಅವರಿಗಿಲ್ಲ. ಸಂಜೆ ನಾನು ಆಫೀಸಿನಿಂದ ಬಂದು ಗಂಟೆ ಒತ್ತಿದರೆ ಸಾಕು, ಚಿಲಕ ತೆಗೆದು “ಬಂದ್ಯಾ?” ಅನ್ನುತ್ತಿದ್ದರು. ನಾನೋ, ಕಳ್ಳನೋ, ಪೌಡರ್ ಮಾರುವವಳೋ ನೋಡಿ ಬಾಗಿಲು ತೆಗೆಯಿರಿ ಎಂದು ನಾನು ಬೈಯುತ್ತಿದ್ದೆ. “ಯಾರರೆ ಆಗಲಿ, ಬಂದಾರಲ್ಲ, ಬಾಗಲಾ ತಗೀಬೇಕು” ಎಂದು ಅವರು ಅದರ ಮೇಲೊಂದು ಭಾಷಣ ಶುರುಮಾಡುತ್ತಿದ್ದರು. ಅಪ್ಪನಿಗೆ ಮಾತೆಂದರೆ ಅಷ್ಟು ಪ್ರೀತಿ. ಮನೆಯಲ್ಲಿ ಮಾತಾಡುವವರು ಅವರು, ರೊಟ್ಟಿ ಬಡಿಯುತ್ತ ‘ಹ್ಞೂಂ’ ಅನ್ನುವವಳು ಅವ್ವ.

ನನ್ನ ಕೆಲಸ ಏನೆಂದು ಅಪ್ಪನಿಗೆ ತಿಳಿಸಿ ಹೇಳಲು ನಾನು ಒಂದಿಡೀ ಭಾನುವಾರ ಕಳೆದೆ. ಅವರು ಎಲ್ಲ ಕೇಳಿಸಿಕೊಂಡು, ಮಗಳು ಇಂಟರ್ನೆಟ್ಟಿಗೆ ಬೀಗ ಮಾಡುತ್ತಾಳೆ ಎಂದು ಕಿರಾಣಿ ಅಂಗಡಿಯವನಿಗೆ ಹೇಳಿ ಬಂದರು. ಅವ್ವ ಮಾತ್ರ ಹಿಟ್ಟು ನಾದುವ ಕೈ ನಿಲ್ಲಿಸದೆ ಒಂದೇ ಮಾತಿನಲ್ಲಿ ಮುಗಿಸಿದಳು.

“ಅಂದ್ರ ನೀ ಭೀಮವ್ವನ ಕೆಲಸಾ ಮಾಡ್ತಿ ಅನ್ನು.”

ಭೀಮವ್ವ ಅಂದರೆ ನನ್ನ ಸೋದರತ್ತೆ, ಅಪ್ಪನ ತಂಗಿ. ನಮ್ಮ ಕಡೆ ಮದುವೆಯಾಗಿ ಗಂಡು ಹೆಣ್ಣು ಮನೆಗೆ ಬಂದಾಗ ಹುಡುಗನ ಅಕ್ಕತಂಗಿಯರು ಹೊಸ್ತಿಲಲ್ಲಿ ಕೈಚಾಚಿ ಅಡ್ಡ ನಿಲ್ಲುತ್ತಾರೆ. ಹೆಂಡತಿ ಗಂಡನ ಹೆಸರು, ಗಂಡ ಹೆಂಡತಿಯ ಹೆಸರು ಹೇಳಿದರಷ್ಟೇ ದಾರಿ. ಅದೂ ಬರೀ ಹೆಸರಲ್ಲ, ಪ್ರಾಸ ಕಟ್ಟಿದ ನಾಲ್ಕು ಸಾಲಿನೊಳಗೆ ಹುದುಗಿಸಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಅವ್ವ ತನ್ನ ಒಡಪನ್ನು ಗಡಗಡ ಹೇಳಿ ಮುಗಿಸಿದಳಂತೆ. ಅಪ್ಪ ಮಾತಿನ ಮಲ್ಲ. ವಾರಗಟ್ಟಲೆ ಬಾವಿಕಟ್ಟೆ ಸುತ್ತಿ ಬಾಯಿಪಾಠ ಮಾಡಿದ್ದರಂತೆ. ಮೂರು ಸಾಲು ಚೆನ್ನಾಗಿಯೇ ಬಂತು. ನಾಲ್ಕನೆಯ ಸಾಲಿನಲ್ಲಿ, ಹೆಂಡತಿಯ ಹೆಸರಿನ ಹತ್ತಿರ ಬಂದು, ನಾಚಿಕೆಯಿಂದ ನಿಂತೇಬಿಟ್ಟರು. ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗರೆಲ್ಲ ‘ಪಾಪ, ಬಿಡವಾ’ ಅಂದರೂ ಭೀಮವ್ವ ಬಿಡಲಿಲ್ಲ. “ಹೆಸರ ಹೇಳೂತನಕಾ ಬಿಡಂಗಿಲ್ಲ” ಎಂದು ನಿಂತಳು, ಕೊನೆಗೂ ಹೇಳಿಸಿಯೇ ಒಳಗೆ ಬಿಟ್ಟಳು.

ಇದನ್ನು ಹೇಳುವಾಗಲೆಲ್ಲ ಅವ್ವನ ಮುಖ ಕೆಂಪಾಗುತ್ತಿತ್ತು, ಅಪ್ಪ ‘ಸಾಕ ಬಿಡ’ ಎಂದು ಪೇಪರಿನ ಹಿಂದೆ ಅಡಗುತ್ತಿದ್ದರು. ಅದಾದ ಮೇಲೆ ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಮನೆಯಲ್ಲಿ ಎಂದೂ ಎತ್ತಿದವರಲ್ಲ. ಅವಳಿಗೆ ಅವರು ‘ರೀ’, ಅವರಿಗೆ ಅವಳು ‘ಏ, ಕೇಳಿಲ್ಲೆ’. ಅಷ್ಟರಲ್ಲೇ ಸಂಸಾರ ಸಾಗಿತ್ತು.

ಎರಡು ಸಾವಿರದ ಏಳರ ಗಣಪತಿ ಹಬ್ಬ ಮುಗಿದ ಕೆಲವೇ ದಿನಕ್ಕೆ, ಬೆಳಗಿನ ಚಹಾದ ಹೊತ್ತಿಗೆ, ಅಪ್ಪ ಬಸ್ ದರ ಏರಿದ ಸುದ್ದಿಯನ್ನು ಪೇಪರಿನಿಂದ ಗಟ್ಟಿಯಾಗಿ ಓದುತ್ತಿದ್ದರು. ಓದು ಅರ್ಧಕ್ಕೆ ನಿಂತಿತು. ಬಲಗೈಯಿಂದ ಕಪ್ಪು ಜಾರಿತು. ಮುಂದಿನದೆಲ್ಲ ನನಗೆ ಚೂರುಚೂರಾಗಿ ನೆನಪಿದೆ: ರಿಕ್ಷಾ, ಅವ್ವನ ಬರಿಗಾಲು, ಆಸ್ಪತ್ರೆಯ ಫಿನೈಲ್ ವಾಸನೆ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಲಕ್ವ ಹೊಡೆದಿತ್ತು.

ಆ ರೋಗದ ಬಗ್ಗೆ ಓದಿ ತಿಳಿದುಕೊಳ್ಳೋಣವೆಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ನೀಲಿ ಪುಟ ಬಂತು. ಆ ಆಸ್ಪತ್ರೆ ನಮ್ಮ ಗಿರಾಕಿಯೇ ಎಂಬುದು ಆ ಗಾಬರಿಯಲ್ಲಿ ನನಗೆ ಮರೆತೇ ಹೋಗಿತ್ತು. ರೋಗಿಯ ಹೆಸರು, ಹಾಸಿಗೆಯ ಸಂಖ್ಯೆ. ಎರಡನ್ನೂ ತುಂಬಬೇಕಾದ ಆ ಎರಡು ಖಾನೆಗಳನ್ನು ನಾನೇ ಎಳೆದದ್ದು. ನನಗೆ ಬರುವ ಬೈಗುಳಗಳನ್ನೆಲ್ಲ ಅವತ್ತು ನಾನೇ ನನ್ನ ಪುಟಕ್ಕೆ ಬೈದೆ. ಆಮೇಲೆ ಅಪ್ಪನ ಹೆಸರು ಬರೆದು ಒಳಗೆ ಹೋದೆ.

ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಎರಡನೆಯ ದಿನ ಹೇಳಿದರು. ಕೈಕಾಲು ನಿಧಾನಕ್ಕೆ ಬರುತ್ತವೆ ಅಂದರು. ಮಾತಿನ ಬಗ್ಗೆ ಮಾತ್ರ ಅವರು ಭರವಸೆ ಕೊಡಲಿಲ್ಲ. ಹೇಳಿದ್ದು ಅವರಿಗೆ ತಿಳಿಯುತ್ತದೆ, ಹೇಳಬೇಕಾದದ್ದೂ ಒಳಗೆ ಇದೆ, ಆದರೆ ಹೊರಗೆ ಬರಲು ದಾರಿ ಸಿಗುತ್ತಿಲ್ಲ. ಈಗ ಸುಮ್ಮನೆ ಬಿಟ್ಟರೆ ಸುಮ್ಮನೇ ಉಳಿದುಬಿಡಬಹುದು. ಹೆಸರು ಹಿಡಿದು ಕರೆಯಿರಿ, ಮಾತಾಡಿಸುತ್ತಲೇ ಇರಿ ಎಂದರು. ಚಿಕ್ಕಂದಿನಲ್ಲಿ ಬಾಯಿಪಾಠವಾದ ಹಾಡು, ಮಗ್ಗಿ ಇಂಥವು ಕೆಲವೊಮ್ಮೆ ಮೊದಲು ಹೊರಬರುತ್ತವೆ ಎಂದೂ ಸೇರಿಸಿದರು.

ಅಪ್ಪ ಮೂಕರಾಗಿ ಉಳಿದುಬಿಡುವುದೆಂದರೆ ಏನೆಂದು ಡಾಕ್ಟರಿಗೆ ಗೊತ್ತಿಲ್ಲ, ನಮಗೆ ಗೊತ್ತು. ನಾನು ಅವರ ಪಕ್ಕದಲ್ಲಿ ಕೂತು ಎರಡರಿಂದ ಮಗ್ಗಿ ಶುರುಮಾಡಿದೆ. ಅವರು ಸೀಲಿಂಗ್ ನೋಡುತ್ತಿದ್ದರು. ಭಜನೆಯ ಕ್ಯಾಸೆಟ್ ಹಾಕಿದೆ. ಕಣ್ಣಲ್ಲಿ ನೀರು ಬಂತು, ತುಟಿ ಅಲುಗಲಿಲ್ಲ. ಮಾತು ಕಲಿಸಲು ಬಂದ ಹುಡುಗಿ ಲೋಟ ತೋರಿಸಿ ಮರಾಠಿಯಲ್ಲಿ ‘ಪಾಣೀ ಅನ್ನಿ ಕಾಕಾ’ ಅಂದಳು. ಮೂವತ್ತು ವರ್ಷ ಕಚೇರಿಯಲ್ಲಿ ಮರಾಠಿಯವರಿಗೇ ಮರಾಠಿ ತಿದ್ದಿದ ನಮ್ಮಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

ಹೆಸರು ಹಿಡಿದು ಕರೆಯುವುದಂತೂ ಆಗಲೇ ಇಲ್ಲ. ಕರೆಯುವವರಾದರೂ ಯಾರು? ನನಗೆ ಅಪ್ಪ, ನರ್ಸುಗಳಿಗೆ ಕಾಕಾ, ಕಚೇರಿಯಿಂದ ನೋಡಲು ಬಂದ ಹಳೆಯ ಗೆಳೆಯರಿಗೆ ಸಾಹೇಬರು. ನಾನೊಮ್ಮೆ ಧೈರ್ಯ ಮಾಡಿ, ಸಾಲಿಯ ಮಾಸ್ತರರ ಹಾಗೆ “ರಾಮಲಿಂಗಪ್ಪಾ” ಎಂದು ಕೂಗಿದೆ. ಅಪ್ಪ ನನ್ನನ್ನು ನೋಡಿದ ನೋಟಕ್ಕೆ ಮಾತಿನ ಅಗತ್ಯವೇ ಇರಲಿಲ್ಲ. ಅವ್ವ ಹಿಂದಿನಿಂದ ಬೆನ್ನಿಗೆ ಒಂದು ಗುದ್ದಿದಳು.

“ಹಂಗಾರ ನೀ ಕರಿ” ಅಂದೆ.

“ನಾ ಕರ್ಯಾಂಗಿಲ್ಲ.”

“ಡಾಕ್ಟರ್ ಹೇಳ್ಯಾರವ್ವಾ.”

“ಡಾಕ್ಟರಗ ಏನ ಗೊತ್ತು? ಹೇಣ್ತಿ ಗಂಡನ ಹೆಸರ ತಗೊಂಡ್ರ ಗಂಡನ ಆಯುಷ್ಯ ಕಡಿಮಿ ಆಗ್ತದ. ಆರಾಮ ಇದ್ದಾಗನ ನಾ ತಗೊಂಡಿಲ್ಲ, ಈಗ ಇವರು ಹಿಂಗ ಮಲಗ್ಯಾಗ ತಗೋಳಲ್ಯಾ?”

ನನಗೆ ಸಿಟ್ಟು ನೆತ್ತಿಗೇರಿತು. ಯಾವ ಕಾಲದಲ್ಲಿದ್ದೀ, ನಿನ್ನ ಮೂಢನಂಬಿಕೆಗೆ ಅಪ್ಪನ ಮಾತು ಬಲಿಯಾಗಬೇಕೇ ಎಂದೆಲ್ಲ ಅಂದೆ. ಪಕ್ಕದ ಹಾಸಿಗೆಯ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಸಕ್ಕುಬಾಯಿ ಎಂಬ ಹೆಂಗಸು ಕನ್ನಡ ಬಾರದಿದ್ದರೂ ಎಲ್ಲ ತಿಳಿದವಳಂತೆ ನೋಡುತ್ತಿದ್ದಳು. ಅವ್ವ ಅಪ್ಪನ ಸ್ವಾಧೀನವಿಲ್ಲದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಒಂದೊಂದೇ ಬಿಡಿಸಿ ನೀವುತ್ತ ಕೂತಳು. ಅವಳಿಗೂ ಅವರು ಮಾತಾಡಬೇಕಿತ್ತು, ನನಗಿಂತ ಹೆಚ್ಚಾಗಿಯೇ ಬೇಕಿತ್ತು. ಅಷ್ಟು ಗೊತ್ತಿದ್ದೂ ನನ್ನ ಸಿಟ್ಟು ಇಳಿಯಲಿಲ್ಲ.

ಹೀಗೆ ಮಾತಿಲ್ಲದೆ ವಾರಗಳು ಕಳೆದವು. ಅಷ್ಟರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಒಂದು ಕಾಲೇಜು ನಮ್ಮ ಸಾಫ್ಟ್‌ವೇರನ್ನು ನೋಡಬೇಕೆಂದು ಕರೆಯಿತು. ಬರೆದವಳೇ ಬಂದು ತೋರಿಸಬೇಕು ಎಂದು ಪ್ರಾಂಶುಪಾಲರ ಹಟ. ಮುಂಜಾನೆ ಹೋದರೆ ಸಂಜೆಗೆ ವಾಪಸು. ಆದರೂ ಅಪ್ಪನನ್ನು ಬಿಟ್ಟು ಹೋಗಲು ನನಗೆ ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ನನ್ನ ಲ್ಯಾಪ್‌ಟಾಪನ್ನು ಅವರ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟು, ಕ್ಯಾಮೆರಾ ಸಿಕ್ಕಿಸಿ, ನೀಲಿ ಪುಟದಲ್ಲಿ ಹೆಸರು ತುಂಬಿ, ಮುಖ ನೋಡಿ ಮಾತಾಡುವ ಪ್ರೋಗ್ರಾಂ ಹಚ್ಚಿಟ್ಟೆ. ಕುಶಲನ ಲ್ಯಾಪ್‌ಟಾಪಿನಲ್ಲಿ ನಾನು ಅವರನ್ನು ನೋಡಬಹುದು, ಅವರು ನನ್ನನ್ನು. ಕರೆ ಬಂದರೆ ಹಸಿರು ಗುಂಡಿ ಒತ್ತುವುದನ್ನು ಅವ್ವನಿಗೆ ಕಲಿಸಿದೆ. ನಾಲ್ಕು ತಾಸಿನ ನಿಯಮ ನೆನಪಾಗಲಿಲ್ಲ. ಅದನ್ನು ಮಾಡಿದವಳಿಗೇ ನೆನಪಾಗಲಿಲ್ಲ ನೋಡಿ.

ಶಿರೂರಿನ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಪ್ರಾಂಶುಪಾಲರು, ಇಬ್ಬರು ಅಧ್ಯಾಪಕರು, ಕುಶಲ, ನಾನು. ಪರದೆಯ ಮೂಲೆಯಲ್ಲೊಂದು ಚಿಕ್ಕ ಚೌಕದಲ್ಲಿ ಅಪ್ಪ ಗೋಡೆ ನೋಡುತ್ತ ಮಲಗಿದ್ದರು. ನೀಲಿ ಪುಟ ಯಾರನ್ನೂ ಹೇಗೆ ಸುಮ್ಮನೆ ಒಳಗೆ ಬಿಡುವುದಿಲ್ಲ ಎಂದು ನಾನು ಉತ್ಸಾಹದಿಂದ ವಿವರಿಸುತ್ತಿರುವಾಗಲೇ ಆ ಚೌಕ ಕಪ್ಪಾಯಿತು. ಮರುಗಳಿಗೆ ನನ್ನ ಮೊಬೈಲ್ ರಿಂಗಾಯಿತು. ಪ್ರಾಂಶುಪಾಲರ ಅಪ್ಪಣೆ ಕೇಳದೆಯೇ ಎತ್ತಿದೆ.

“ಸ್ನೇಹಾ, ನಿನ್ನ ಮಾರಿ ಹೋತು. ಆ ನೀಲೀದು ಬಂದು ಅಡ್ಡ ಕುಂತದ” ಎಂದಳು ಅವ್ವ.

“ಅಪ್ಪ ಹೆಂಗದಾರ?”

“ಹಂಗ ಅದಾರ.”

ನರ್ಸಿನ ಕೈಗೆ ಫೋನು ಕೊಡು ಅಂದೆ. ಅವತ್ತು ಕೆಲಸದಲ್ಲಿದ್ದವಳು ಶೀತಲ, ಆ ಬೇಸಿಗೆಯಲ್ಲಷ್ಟೇ ಮದುವೆಯಾದ ಹುಡುಗಿ. ಅವಳು ಫೋನಿನ ಸ್ಪೀಕರ್ ಹಚ್ಚಿ ಹಾಸಿಗೆಯ ಮೇಲಿಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತದ್ದು ಕೇಳಿಸಿತು.

“ರೋಗಿಯ ಹೆಸರು ಕೇಳ್ತಿದೆ. ಹೇಳಿ ಮಾವಶಿ, ಏನು ಹೆಸರು?” ಎಂದು ಅವಳು ಮರಾಠಿಯಲ್ಲಿ ಅಂದಳು.

ಅವ್ವ ತನ್ನ ಮುರುಕು ಮರಾಠಿಯಲ್ಲಿ, ಹಾಸಿಗೆಗೆ ತೂಗುಹಾಕಿದ ಕಾಗದದಲ್ಲಿ ಇದೆಯಲ್ಲ, ನೋಡಿಕೋ ಅಂದಳು.

ಶೀತಲಳಿಗೆ ಎಲ್ಲ ಅರ್ಥವಾಯಿತು. ಮರಾಠಿಯವರಲ್ಲೂ ಇದೇ ಪದ್ಧತಿ, ಒಡಪಿಗೆ ಅವರು ಉಖಾಣಾ ಅನ್ನುತ್ತಾರೆ. ಮೊನ್ನೆಮೊನ್ನೆ ನಾದಿನಿಯರ ಕೈಯಲ್ಲಿ ಸಿಕ್ಕಿ ಒದ್ದಾಡಿ ಬಂದವಳಿಗೆ ಈಗ ಸೇಡು ತೀರಿಸಿಕೊಳ್ಳಲು ಒಳ್ಳೆಯ ಅವಕಾಶ.

“ಕಾಗದ ನೋಡೋದಿಲ್ಲ. ಬಾಗಿಲಲ್ಲಿ ಅಡ್ಡ ನಿಂತು ಕೇಳ್ತಿದ್ದಾರೆ ಮಾವಶಿ, ನೀವೇ ಹೇಳಬೇಕು. ಹೆಸರು ತಗೊಳ್ಳಿ, ನಾವ್ ಘ್ಯಾ!”

“ಸಿಸ್ಟರ್, ಹೆಸರು ನಾನು ಹೇಳ್ತೀನಿ, ಬರಕೊಳ್ಳಿ” ಎಂದು ನಾನು ಶಿರೂರಿನಿಂದ ಕಿರುಚಿದೆ.

“ಮ್ಯಾಡಮ್, ನೀವು ಸುಮ್ಮನಿರಿ. ನಿಮ್ಮ ಗಂಡನಲ್ಲ ಇವರು.”

ಪ್ರಾಂಶುಪಾಲರು ಕೆಮ್ಮಿದರು. ಅತ್ತ ಸಕ್ಕುಬಾಯಿಯ ದನಿ ಕೂಡಿಕೊಂಡಿತು: “ನಾವ್ ಘ್ಯಾ, ನಾವ್ ಘ್ಯಾ!” ಎದುರು ಸಾಲಿನ ಇನ್ನೂ ಯಾರ‍್ಯಾರೋ ಹೆಂಗಸರು ಸೇರಿಕೊಂಡರು. ಹೆಸರು ಹೇಳಿ, ಹೆಸರು ಹೇಳಿ ಎಂದು ಇಡೀ ವಾರ್ಡೇ ಚಪ್ಪಾಳೆ ತಟ್ಟುತ್ತಿತ್ತು. ರೋಗಿಗಳ ಕೋಣೆಯಲ್ಲಿ ಮದುವೆಮನೆಯ ಗದ್ದಲ.

ಆಗ ನನಗೆ ಹೊಳೆಯಿತು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ! ಗಂಡನ ಹೆಸರು ಹೇಳಲು ಅವ್ವನಿಗಿದ್ದ ಒಂದೇ ದಾರಿ ಅದು. ಆದರೆ ಯಾರೂ ತಡೆಯದೆ, ಯಾರೂ ಕೇಳದೆ, ತಾನಾಗಿ ಯಾವ ಹೆಂಗಸೂ ಒಡಪು ಹೇಳುವುದಿಲ್ಲ. ಹೊಸ್ತಿಲಲ್ಲಿ ಅಡ್ಡ ನಿಲ್ಲುವವರು ಬೇಕು. ಇಷ್ಟು ದಿನ ನಾವೆಲ್ಲ ಅವಳಿಗೆ ಉಪದೇಶ ಮಾಡಿದೆವೇ ಹೊರತು ಯಾರೂ ಅಡ್ಡ ನಿಂತಿರಲಿಲ್ಲ.

ಅವ್ವ ಗಂಟಲು ಸರಿಮಾಡಿಕೊಂಡಳು. ಚಪ್ಪಾಳೆ ನಿಂತಿತು. ಆಮೇಲೆ ಆ ದನಿ ಬಂತು. ಅವಳ ದನಿಯೇ, ಆದರೆ ನಾನು ಹುಟ್ಟುವ ಮೊದಲಿನ ದನಿ.

“ಇಂಡಿಯ ಸಂತ್ಯಾಗ ತಂದೀನಿ ಬೆಲ್ಲ,
ಹೊಸ್ತಿಲಾ ದಾಟಾಕ ತಡಾ ಮಾಡೂದಿಲ್ಲ,
ಅಡ್ಡ ನಿಂತ ನಾದಿನಿ, ಕೇಳ ಈ ಸೊಲ್ಲ,
ರಾಮಲಿಂಗಪ್ಪನವರ ಹೊರತ ನನಗ್ಯಾರೂ ಇಲ್ಲ.”

ಹೆಂಗಸರೆಲ್ಲ ಹೋ ಎಂದರು. ಕನ್ನಡ ಒಂದಕ್ಷರ ಬಾರದಿದ್ದರೂ ಹೆಸರು ಬಂದದ್ದು ಎಲ್ಲರಿಗೂ ತಿಳಿದಿತ್ತು. ಶೀತಲ ಪಟಪಟ ಕೀಲಿಮಣೆ ಕುಟ್ಟಿದಳು. ನನ್ನ ಪರದೆಯ ಮೂಲೆಯ ಕಪ್ಪು ಚೌಕ ಮಿನುಗಿ, ಅಲ್ಲಿ ಚಿತ್ರ ಮೂಡಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಶೀತಲ ಅವಳ ಹೆಗಲು ಹಿಡಿದು ಅಲುಗಾಡಿಸುತ್ತಿದ್ದಳು. ಅಪ್ಪ ಗೋಡೆಯನ್ನು ನೋಡುತ್ತಿರಲಿಲ್ಲ. ಅವ್ವನನ್ನು ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು.

“ಅವ್ವಾ, ಅಪ್ಪನ ನೋಡು!” ಎಂದು ಕೂಗಿದೆ.

ಮೊದಲು ಬರೀ ಗೊಗ್ಗರು ಸದ್ದು. ಆಮೇಲೆ ಅದಕ್ಕೊಂದು ಲಯ ಹತ್ತಿತು. ಮಾತಿನ ಹಾಗೆ ಬರಲಿಲ್ಲ ಅದು, ರಾಗದ ಹಾಗೆ ಬಂತು. ಒಂದೊಂದು ಶಬ್ದವನ್ನೂ ಅವರು ಬಾವಿಯಿಂದ ಸೇದುವಂತೆ ಸೇದುತ್ತಿದ್ದರು.

“ಎರಿ... ಎರಿಹೊಲದ ಬಿಳಿಜ್ವಾಳ... ತೆನಿ ತುಂಬಾ ಕಾಳವ್ವ...”

ಅವ್ವನ ನಗು ನಿಂತಿತು. ಸೆರಗು ಬಾಯಿಂದ ಜಾರಿತು.

“ಬಾಗಲಾ... ಹಿಡದಾಕಿ... ನನ್ನ ತಂಗಿ ಭೀಮವ್ವ... ದಾರಿ ಬಿಡ ತಂಗೆವ್ವ, ಕಾಲ ನೋಯತಾವವ್ವ...”

ಮೂರು ಸಾಲು. ಆಮೇಲೆ “ಬೆನ್ನಿಗೆ ಬಂದಾಕಿ, ನನ್ನಾಕಿ...” ಎಂದು ನಿಂತುಬಿಟ್ಟರು. ಅವತ್ತು ಹೊಸ್ತಿಲಲ್ಲಿ ನಿಂತಲ್ಲೇ. ಹಣೆಯಲ್ಲಿ ಬೆವರು ಮೂಡಿತು, ಬಾಯಿ ತೆರೆದುಕೊಂಡಿತ್ತು, ಶಬ್ದ ಬರುತ್ತಿರಲಿಲ್ಲ. ಇವರು ಏನು ಹೇಳುತ್ತಿದ್ದಾರೆ, ಏನು ಬೇಕಂತೆ ಎಂದು ಶೀತಲ ಕೇಳುತ್ತಲೇ ಇದ್ದಳು. ನಾನು ಪರದೆಯ ಮೇಲೆ ಬಿದ್ದು, “ಅವ್ವಾ, ನೀನ ಹೇಳಿಕೊಡು, ಹೇಳಿಕೊಡು” ಎಂದು ಒದರುತ್ತಿದ್ದೆ. ನನ್ನಿಂದ ಆ ಒದ್ದಾಟ ನೋಡಲಾಗುತ್ತಿರಲಿಲ್ಲ.

ಅವ್ವ ಹೇಳಿಕೊಡಲಿಲ್ಲ. ಎದ್ದು ಹಾಸಿಗೆಯ ಕಾಲ ಕಡೆಗೆ ಹೋಗಿ ನಿಂತಳು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿಯಲ್ಲಿ ಮಾತ್ರ ಜಬರದಸ್ತು.

“ಹೆಸರ ಹೇಳ್ರಿ. ಹೇಳೂತನಕಾ ಬಿಡಂಗಿಲ್ಲ.”

ಅಪ್ಪನ ಮುಖ ಓರೆಯಾಗಿಯೇ ನಕ್ಕಿತು.

“ನಾ... ನಾಗವ್ವ.”

ಅವ್ವ ಕೈ ಇಳಿಸಿ ಅಲ್ಲೇ ಹಾಸಿಗೆಯ ಅಂಚಿಗೆ ಕೂತುಬಿಟ್ಟಳು. ಅವರ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಸಕ್ಕುಬಾಯಿ ಅತ್ತಳು, ಶೀತಲ ಅತ್ತಳು. ಶಿರೂರಿನಲ್ಲಿ ನಾನು ಯಾವ ಸಂಕೋಚವೂ ಇಲ್ಲದೆ ಗೊಳೋ ಎಂದು ಅತ್ತೆ. ಪ್ರಾಂಶುಪಾಲರು ಕರವಸ್ತ್ರ ಚಾಚಿದರು. ಕುಶಲ ಎಂಥ ಹೊತ್ತಿನಲ್ಲೂ ಕುಶಲನೇ. ಕಣ್ಣೊರೆಸಿಕೊಳ್ಳುತ್ತಲೇ, “ನೋಡಿ ಸರ್, ಆ ಆಸ್ಪತ್ರೆಯೂ ನಮ್ಮ ಗಿರಾಕಿಯೇ” ಅಂದ.

ಡಾಕ್ಟರು ಬಂದು ನೋಡಿದರು. ದಾರಿ ಒಂದು ತೆರೆದಿದೆ, ಇನ್ನು ಇದರಲ್ಲೇ ಓಡಾಡಿಸಬೇಕು ಎಂದರು. ಎಲ್ಲ ಶಬ್ದಗಳೂ ವಾಪಸು ಬರುತ್ತವೆಯೇ ಎಂದು ನಾನು ಫೋನಿನಲ್ಲಿ ಕೇಳಿದೆ. ಎಲ್ಲ ಅಂತ ಹೇಳಲಾರೆ, ಆದರೆ ಬರುತ್ತವೆ, ಇವತ್ತು ಬೆಳಿಗ್ಗೆ ಇಷ್ಟೂ ಹೇಳುವ ಧೈರ್ಯ ನನಗಿರಲಿಲ್ಲ ಎಂದರು.

ಅವತ್ತು ಕೆಲಸ ಮುಗಿಯುವುದು ತಡವಾಯಿತು. ಕಾಲೇಜಿನವರು ನಮ್ಮ ಸಾಫ್ಟ್‌ವೇರನ್ನು ಒಪ್ಪಿಕೊಂಡು, ಇವತ್ತೇ ಹಚ್ಚಿ ಹೋಗಿ ಅಂದಿದ್ದರು. ಮಧ್ಯಾಹ್ನ ಚಹಾ ಬರುವ ಹೊತ್ತಿಗೆ ಚೌಕ ಮತ್ತೆ ಕಪ್ಪಾಯಿತು. ಈ ಸಲ ನಾನೇ ಫೋನು ಮಾಡಿದೆ. ಶೀತಲ ಆಗಲೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು.

“ಈ ಸಲ ಕಾಕಾ ಹೇಳಬೇಕು” ಎಂದು ಅವಳು ಹೇಳುತ್ತಿದ್ದಳು. “ಕಾಕಾ, ಬಾಗಿಲಲ್ಲಿ ಹೆಸರು ಕೇಳ್ತಿದೆ. ಏನು ಬರೀಲಿ?”

ಅಪ್ಪನ ದನಿ ಬೆಳಿಗ್ಗೆಗಿಂತ ಸ್ವಲ್ಪ ಸಲೀಸಾಗಿ ಬಂತು.

“ನಾಗವ್ವ.”

“ಅಯ್ಯ, ನನ್ನದಲ್ರಿ, ನಿಮ್ಮದು!” ಎಂದಳು ಅವ್ವ.

“ನಾಗವ್ವ” ಅಂದರು ಅಪ್ಪ. ಹೊಸ್ತಿಲಲ್ಲಿ ಗಂಡ ಹೇಳಬೇಕಾದದ್ದು ಹೆಂಡತಿಯ ಹೆಸರೇ. ಅವರ ಪ್ರಕಾರ ಅವರು ಸರಿಯಾಗಿಯೇ ಹೇಳಿದ್ದರು.

ಶೀತಲ ಹೇಳಿದ್ದನ್ನು ಹೇಳಿದ ಹಾಗೆ ಬರೆದಳು. “ಮ್ಯಾಡಮ್, ಹೆಸರು ತಪ್ಪು ಅಂತ ಬರ್ತಿದೆ. ಏನು ಮಾಡಲಿ? ಕಾಗದದಲ್ಲಿರೋದನ್ನ ಬರೀಲಾ?”

“ಬೇಡ, ತಡೀರಿ” ಅಂದೆ.

ಕುಶಲನ ಲ್ಯಾಪ್‌ಟಾಪನ್ನು ನನ್ನ ಕಡೆಗೆ ಎಳೆದುಕೊಂಡೆ. ಆಸ್ಪತ್ರೆಯ ನೀಲಿ ಪುಟದ ಹಿಂಬದಿಗೆ ಹೋಗಲು ನನಗೆ ಇಲ್ಲಿಂದಲೇ ದಾರಿಯಿತ್ತು. ಅಪ್ಪನ ಹಾಸಿಗೆಗೆ ಒಪ್ಪುವ ಹೆಸರು ಒಂದೇ ಇತ್ತು. ಅದರ ಕೆಳಗೆ ನಾಗವ್ವ ಎಂದು ಇನ್ನೊಂದು ಸೇರಿಸಿದೆ. ನನ್ನ ನಿಯಮಕ್ಕೆ ನಾನೇ ಮಾಡಿದ ಮೊದಲ ರಿಯಾಯಿತಿ ಅದು. ಮೂರು ವರ್ಷದಿಂದ ಇಂಥದ್ದೊಂದು ರಿಯಾಯಿತಿಗೆ ನನ್ನ ಕಾಲು ಹಿಡಿಯುತ್ತಿದ್ದ ಕುಶಲ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಒಂದಕ್ಷರ ಆಡಿದರೆ ನೋಡು ಎಂದು ಅವನಿಗೆ ಕಣ್ಣು ಕೆಂಪು ಮಾಡಿ ತೋರಿಸಿದೆ.

“ಈಗ ಬರೀರಿ ಸಿಸ್ಟರ್. ಅವರು ಹೇಳಿದ್ದನ್ನೇ ಬರೀರಿ.”

ಕೀಲಿಮಣೆಯ ಸದ್ದು. ನೀಲಿ ಪುಟ ಸರಿಯಿತು. ಚೌಕದಲ್ಲಿ ಅಪ್ಪನ ಮುಖ ಬಂತು. ದಿಂಬಿಗೆ ಒರಗಿಸಿ ಕೂರಿಸಿದ್ದರು, ಪಕ್ಕದಲ್ಲಿ ಅವ್ವ. ಅವರ ಪರದೆಯಲ್ಲಿ ನನ್ನ ಮುಖ ಮೂಡಿರಬೇಕು. ಅಪ್ಪ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿ ನೋಡಿದರು. ಯಾರೂ ಕಲಿಸಿರಲಿಲ್ಲ, ಯಾರೂ ಕೇಳಿರಲಿಲ್ಲ, ಒಡಪಿನೊಳಗಿನ ಶಬ್ದವೂ ಅದಾಗಿರಲಿಲ್ಲ.

“ಬಂದ್ಯಾ?” ಅಂದರು.